ಬಿಸಿಯಲ್ಲಿ ಗಟ್ಟಿ, ತಣ್ಣಗಾದರೆ ಮಡಿಕೆ

ಪ್ರಶ್ನೆ: ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ (ಬಿಡಿಭಾಗ ಕಾಯಿಸಿ ಹದ ಮಾಡುವ) ಶೆಡ್ ಇದೆ. ಅವನ್ನು ತುಂಬಿಡುವ 310 ಗ್ರೇಡ್ ಸ್ಟೇನ್‌ಲೆಸ್ ಬಾಸ್ಕೆಟ್ ಎರಡು ವರ್ಷ 800 ಡಿಗ್ರಿ ಫರ್ನೇಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮೊನ್ನೆ ಬೆಳಿಗ್ಗೆ ಖಾಲಿ ಬಾಸ್ಕೆಟ್ ಸೊಂಟದ ಎತ್ತರದಿಂದ ಬಿತ್ತು. ಮಡಿಕೆ ಥರ ಒಡೆಯಿತು! ಮಾಲು ಕಳಪೆಯೇ? ವೆಲ್ಡ್ ಮಾಡಿ ಬಳಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮಾರಿದವರನ್ನು ಬೈಯುವ ಮೊದಲು ನನ್ನ ಕತೆ ಕೇಳ್ರಿ. ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ನಾನು ಹೊಸದಾಗಿ ಫೋರ್‌ಮನ್ ಆಗಿದ್ದೆ. ಇಂಥದೇ ಬಾಸ್ಕೆಟ್‌ನ ಕಾಲು ಸೊಟ್ಟಗಾಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗಲೇ ಸುತ್ತಿಗೆ ತಗೊಂಡು ಒಂದೇಟು ಹೊಡೆದೆ. ಕಾಲು ಮುರಿದು ಕೈಗೆ ಬಂತು. ಸಪ್ಲೈಯರ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ತಪ್ಪು ಅವನದಲ್ಲ ಅಂತ ಆಮೇಲೆ ಗೊತ್ತಾಯಿತು.

310ರಲ್ಲಿ ಸುಮಾರು 25 ಪರ್ಸೆಂಟ್ ಕ್ರೋಮಿಯಂ, 20 ಪರ್ಸೆಂಟ್ ನಿಕಲ್ ಇರುತ್ತದೆ. 600ರಿಂದ 900 ಡಿಗ್ರಿ ನಡುವೆ ತಿಂಗಳುಗಟ್ಟಲೆ ಇಟ್ಟರೆ ಕಬ್ಬಿಣ ಮತ್ತು ಕ್ರೋಮಿಯಂ ಸೇರಿ ‘ಸಿಗ್ಮಾ’ ಅನ್ನುವ ಬೇರೆಯೇ ವಸ್ತು ಕಟ್ಟಿಕೊಳ್ಳುತ್ತವೆ. 1927ರಲ್ಲಿ ಬೇನ್ ಮತ್ತು ಗ್ರಿಫಿತ್ಸ್ ಎಂಬ ಲೋಹ ಸಂಶೋಧಕರು ಇದನ್ನು ‘ಬಿ’ ಅಂತ ಕರೆದಿದ್ದರು. ಬ್ರಿಟಲ್ ಅಂದರೆ ಪೆಡಸು, ಅದರ ಬಿ! ಮಾಮೂಲಿ ಸ್ಟೀಲ್ ಬಾಗುವುದು ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುವುದರಿಂದ. ಸಿಗ್ಮಾದಲ್ಲಿ 30 ಪರಮಾಣುಗಳು ಒಂದೊಂದು ಗೂಡಿನಲ್ಲಿ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಜಾರಲು ಜಾಗವೇ ಇಲ್ಲ. ಪೆಟ್ಟು ಬಿದ್ದರೆ ಬಾಗುವುದಿಲ್ಲ, ಬಿರಿಯುತ್ತದೆ. ಬಿಸಿಯಲ್ಲಿ ಸುತ್ತಲಿನ ಸ್ಟೀಲ್ ಮೆತ್ತಗಿದ್ದು ಪೆಟ್ಟನ್ನು ನುಂಗಿಕೊಳ್ಳುತ್ತದೆ, ಹಾಗಾಗಿ ಎರಡು ವರ್ಷ ನಿಮಗೆ ಸುಳಿವೇ ಸಿಗಲಿಲ್ಲ.

ಆದರೆ ಇಂಥ ಗಡಸು ವಸ್ತು ಇದ್ದಲ್ಲೆಲ್ಲ ಲೋಹ ಒಡೆಯುತ್ತದೆ ಅಂದುಕೊಳ್ಳಬೇಡಿ. ಜೆಟ್ ಎಂಜಿನ್ನಿನ ಬ್ಲೇಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ನಿಕಲ್-ಅಲ್ಯೂಮಿನಿಯಂ ಸೇರಿದ ಇಂಥದೇ ಜಾತಿಯ ವಸ್ತು. ಅಲ್ಲಿ ಅದು ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಚೌಕಗಳಾಗಿ ಕೂತಿರುತ್ತದೆ, ಸುತ್ತ ಮೆತ್ತನೆಯ ಲೋಹ ಇರುತ್ತದೆ. ಬ್ಲೇಡಿನ ಬಲವೇ ಅದರಿಂದ. ನಿಮ್ಮ ಬಾಸ್ಕೆಟ್‌ನಲ್ಲಿ ಸಿಗ್ಮಾ ಬೆಳೆಯುವುದು ಮೊದಲು ಸ್ಟೀಲಿನೊಳಗಿನ ಸಣ್ಣ ಹರಳು ಹರಳು ಕೂಡುವ ಅಂಚಿನಲ್ಲಿ. ಬಿಡಿಬಿಡಿಯಾಗಿದ್ದರೆ ಬಿರುಕು ನಡುವಿನ ಸ್ಟೀಲಿಗೆ ಬಂದು ನಿಲ್ಲುತ್ತದೆ. ಸಾಲಾಗಿ ಕೂಡಿಕೊಂಡಿತೋ, ಓಡಲು ದಾರಿ ಸಿಕ್ಕಂತೆ. ಶಹಾಬಾದ್ ಕಲ್ಲಿನ ನಡುವೆ ಮಣ್ಣಿನ ಪದರ ಇದ್ದರೆ ಅದೇ ಗೆರೆಗೆ ಸೀಳುತ್ತದಲ್ವಾ, ಹಾಗೆ.

ಮಾಲು ಸರಿ ಇದೆಯೋ ಅಂತ ಅಯಸ್ಕಾಂತ ಹಿಡಿದು ನೋಡಿದ್ದೀರಾ? ನಾನೂ ಹಿಡಿದಿದ್ದೆ. ಅಂಟಲಿಲ್ಲ, ಸರಿ ಇದೆ ಅಂದುಕೊಂಡೆ. ಸಿಗ್ಮಾ ಅದಕ್ಕೆ ಅಂಟುವುದೇ ಇಲ್ಲ, ಹಾಗಾಗಿ ಅದರಿಂದ ಗೊತ್ತಾಗುವುದಿಲ್ಲ. ಲ್ಯಾಬ್‌ನಲ್ಲಿ ತುಂಡನ್ನು ಪಾಲಿಶ್ ಮಾಡಿ, ಕಾಸ್ಟಿಕ್ ದ್ರಾವಣದಲ್ಲಿಟ್ಟು ಸ್ವಲ್ಪ ಕರೆಂಟ್ ಹರಿಸಿ, ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಸಿಗ್ಮಾ ಕಂದು-ಕಿತ್ತಳೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಇದ್ದ ಹಾಗೇ ವೆಲ್ಡ್ ಮಾಡಬೇಡಿ. ವೆಲ್ಡ್ ಗೆರೆ (ಬೀಡ್) ತಣ್ಣಗಾಗುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಮೊದಲು 1050ರಿಂದ 1100 ಡಿಗ್ರಿಗೆ ಕಾಯಿಸಿ ಬೇಗ ತಣ್ಣಗೆ ಮಾಡಿದರೆ ಸಿಗ್ಮಾ ಸ್ಟೀಲಿನಲ್ಲೇ ಕರಗಿಹೋಗುತ್ತದೆ, ಆಮೇಲೆ ವೆಲ್ಡ್ ಹಿಡಿಯುತ್ತದೆ. ಮತ್ತೆ 800ರಲ್ಲೇ ಓಡಿಸಿದರೆ ಮತ್ತೆ ಅದೇ ಪಾಡು. ಹೊಸದು ಮಾಡಿಸುವುದಾದರೆ 330 ಗ್ರೇಡ್ ಕೇಳಿ. ಅದರಲ್ಲಿ ನಿಕಲ್ 35 ಪರ್ಸೆಂಟ್, ಕ್ರೋಮಿಯಂ ಕಡಿಮೆ, ಸಿಗ್ಮಾ ಕಾಟ ಇಲ್ಲ. ರೇಟ್ ಮಾತ್ರ ಜಾಸ್ತಿ. ಉಳಿದ ಹಳೆಯ ಬಾಸ್ಕೆಟ್‌ಗಳು ಸೊಟ್ಟಗಾದರೆ ಕೆಂಪಗೆ ಕಾದಿರುವಾಗಲೇ ನೆಟ್ಟಗೆ ಮಾಡಿ, ತಣ್ಣಗಿರುವಾಗ ಸುತ್ತಿಗೆ ಮುಟ್ಟಬೇಡಿ.

ಒಡೆದ ತುಂಡುಗಳ ಮೇಲೆ ಪೇಂಟ್‌ನಲ್ಲಿ 310 ಅಂತ ಬರೆದು ಬೇರೆ ಇಡಿ. ಅದರಲ್ಲಿ ನಿಕಲ್ ಇದೆ, ಗುಜರಿಯವನಿಗೆ ಸುಮ್ನೆ ಕಬ್ಬಿಣದ ರೇಟಿಗೆ ಕೊಟ್ಟುಬಿಟ್ಟೀರಿ.