ಆ ಕಿಮ್ ಬೇರೆ, ಈ ಕಿಮ್ ಬೇರೆ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ದಕ್ಷಿಣ ಕೊರಿಯಾದ ರಾಜಕೀಯದ ಮೇಲೆ ಬಂದ ಲೇಖನ ಓದಿದೆ. ಒಂದು ಪುಟದಲ್ಲಿ ಕಿಮ್ ಅವರಿಗೆ ಮರಣದಂಡನೆ. ಮುಂದಿನ ಪುಟದಲ್ಲಿ ಕಿಮ್ ಪ್ರಧಾನಿ. ಅದರ ಕೆಳಗೆ ಕಿಮ್ ಅವರು ಕಿಮ್ ಅವರನ್ನೇ ಸೋಲಿಸುತ್ತಾರೆ! ಇವರು ಅಣ್ಣತಮ್ಮಂದಿರೋ ಅಪ್ಪಮಕ್ಕಳೋ ಒಂದೂ ಗೊತ್ತಾಗಲಿಲ್ಲ. ರಾಜಕಾರಣಿಗಳ ಅಡ್ಡಹೆಸರು ಒಂದೇ ಆಗಿದ್ದರೆ ಮನೆತನವೂ ಒಂದೇ ಅಂತ ತಿಳಿಯಬಹುದಾ? ಹೆಸರು ಒಂದೇ ಇದ್ದರೆ ವೋಟಿಗೆ ಅನುಕೂಲವಾ? ಒಂದು ಸಲ ಬಿಡಿಸಿ ಹೇಳಿ. ನನ್ನ ಹೆಸರು ಮಾತ್ರ ದಯವಿಟ್ಟು ಹಾಕಬೇಡಿ. ಇದೇ ಹೆಸರಿನ ಇನ್ನೊಬ್ಬರು ನಮ್ಮ ಆಫೀಸಿನಲ್ಲಿದ್ದಾರೆ. ಹೋದ ಸಲ ನಾನು ಬರೆದ ಪತ್ರಕ್ಕೆ ಬೈಸಿಕೊಂಡವರು ಅವರು.

ಸಂಪಾದಕರ ಉತ್ತರ

ತಪ್ಪು ನಮ್ಮದೇ. ನಿಮ್ಮ ಪತ್ರ ಬಂದ ಮೇಲೆ ಆ ಲೇಖನ ತೆಗೆದು ಮತ್ತೆ ಓದಿದೆ. ಪೂರ್ತಿ ಹೆಸರು ಬಂದಿರುವುದು ಒಂದೊಂದೇ ಸಲ. ಆಮೇಲೆ ಬರೀ ಕಿಮ್, ಕಿಮ್, ಕಿಮ್. ಬರೆದವರು ಸರಿಯಾಗಿಯೇ ಬರೆದಿದ್ದರು. ಪುಟ ಕಟ್ಟುವಾಗ ಜಾಗ ಸಾಲದೆ ಕತ್ತರಿ ಹಾಕಿದವನು ನಾನು. ಅಡ್ಡಹೆಸರು ಒಂದನ್ನೇ ಬರೆದು ಮುಂದೆ ಹೋಗುವುದು ಪತ್ರಿಕೆಯವರ ಹಳೆಯ ಚಾಳಿ. ಥ್ಯಾಚರ್ ಅಂದರೆ ಸಾಕು, ಬುಷ್ ಅಂದರೆ ಸಾಕು. (ಬುಷ್ ಕೂಡ ಇಬ್ಬರಿದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ.) ಕೊರಿಯಾದಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು ಕಿಮ್.

ಮೊದಲು ನಿಮ್ಮ ಆ ಮೂವರನ್ನು ಬಿಡಿಸೋಣ. ಕಿಮ್ ಯಂಗ್-ಸಾಮ್, ಕಿಮ್ ಡೇ-ಜಂಗ್, ಕಿಮ್ ಜಾಂಗ್-ಪಿಲ್. ‘ಮೂರು ಕಿಮ್‌ಗಳು’ ಅಂತಲೇ ಇವರನ್ನು ಕರೆಯುತ್ತಿದ್ದರು. ಅಣ್ಣತಮ್ಮಂದಿರಲ್ಲ, ದಾಯಾದಿಗಳೂ ಅಲ್ಲ. 1980ರಲ್ಲಿ ಮರಣದಂಡನೆಗೆ ಗುರಿಯಾದವರು ಡೇ-ಜಂಗ್. ಅದೃಷ್ಟಕ್ಕೆ ಅದು ಜಾರಿಯಾಗಲಿಲ್ಲ. 1992ರ ಅಧ್ಯಕ್ಷ ಚುನಾವಣೆಯಲ್ಲಿ ಅವರನ್ನು ಸೋಲಿಸಿದವರು ಯಂಗ್-ಸಾಮ್. 1997ರಲ್ಲಿ ಡೇ-ಜಂಗ್ ಗೆದ್ದರು. ಮರುವರ್ಷ ಅಧಿಕಾರಕ್ಕೆ ಬಂದು ಜಾಂಗ್-ಪಿಲ್ ಅವರನ್ನು ಪ್ರಧಾನಿ ಮಾಡಿದರು. ಈ ಜಾಂಗ್-ಪಿಲ್ ಯಾರು ಗೊತ್ತಾ? 1961ರಲ್ಲಿ ಆ ದೇಶದ ಗೂಢಚಾರ ಸಂಸ್ಥೆ ಕಟ್ಟಿದವರು. 1973ರಲ್ಲಿ ಟೋಕಿಯೋದ ಹೋಟೆಲಿನಿಂದ ಡೇ-ಜಂಗ್ ಅವರನ್ನು ಹೊತ್ತುಕೊಂಡು ಹೋದದ್ದು ಅದೇ ಸಂಸ್ಥೆಯ ಜನ. ಆಗ ಪ್ರಧಾನಿಯಾಗಿದ್ದವರೂ ಇದೇ ಜಾಂಗ್-ಪಿಲ್. ಇಪ್ಪತ್ತೈದು ವರ್ಷ ಕಳೆದ ಮೇಲೆ ಅದೇ ಜಾಂಗ್-ಪಿಲ್ ಅವರನ್ನು ಡೇ-ಜಂಗ್ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ರಾಜಕೀಯ ಅಂದರೆ ಹೀಗೇ, ಬಿಡಿ.

ಆದರೆ ಜಾಂಗ್-ಪಿಲ್ ಅವರಿಗೆ ಒಬ್ಬರ ಜೊತೆ ನಿಜವಾದ ನೆಂಟಸ್ತನ ಇತ್ತು. ಅವರು ಕಿಮ್ ಅಲ್ಲ. 1961ರಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್-ಹೀ. ಪಾರ್ಕ್ ಅವರ ಅಣ್ಣನ ಮಗಳೇ ಜಾಂಗ್-ಪಿಲ್ ಅವರ ಹೆಂಡತಿ. ನೋಡಿ, ಮೂರು ಕಿಮ್‌ಗಳ ನಡುವೆ ನಂಟಿಲ್ಲ, ಕಿಮ್‌ಗೂ ಪಾರ್ಕ್‌ಗೂ ಇದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಬಂತು. ಅಡ್ಡಹೆಸರು ಇಲ್ಲದ ನಂಟನ್ನು ಇದ್ದಂತೆ ತೋರಿಸುತ್ತದೆ, ಇರುವ ನಂಟನ್ನು ಮುಚ್ಚಿಡುತ್ತದೆ. ಹೆಣ್ಣುಮಕ್ಕಳ ಕಡೆಯಿಂದ ಬಂದ ನಂಟಾದರೆ ಮುಗಿದೇ ಹೋಯಿತು, ಹೆಸರಿನಲ್ಲಿ ಅದು ಕಾಣುವುದೇ ಇಲ್ಲ.

ಶ್ರೀಲಂಕಾದ 1994ನೇ ಇಸವಿ ತೆಗೆದುಕೊಳ್ಳಿ. ರಾಷ್ಟ್ರಾಧ್ಯಕ್ಷೆ ಕುಮಾರತುಂಗ, ಪ್ರಧಾನಿ ಬಂಡಾರನಾಯಿಕೆ. ಹೆಸರು ನೋಡಿದರೆ ಯಾರೋ ಇಬ್ಬರು. ವಾಸ್ತವದಲ್ಲಿ ಮಗಳು ಚಂದ್ರಿಕಾ, ತಾಯಿ ಸಿರಿಮಾವೋ. ಕುಮಾರತುಂಗ ಅನ್ನುವುದು ಚಂದ್ರಿಕಾ ಅವರ ಗಂಡನ ಹೆಸರು. ಅವರು ಸಿನಿಮಾ ನಟ. ಚಂದ್ರಿಕಾ ಅವರ ತಂದೆ 1956ರಿಂದ 59ರವರೆಗೆ ಪ್ರಧಾನಿ. ತಾಯಿ 1960ರಲ್ಲಿ ಪ್ರಧಾನಿಯಾದಾಗ ಇಡೀ ಜಗತ್ತಿಗೇ ಮೊದಲ ಮಹಿಳಾ ಪ್ರಧಾನಿ. ಇಂಥ ಮನೆತನದ ಮಗಳನ್ನು ಬರೀ ಕುಮಾರತುಂಗ ಅಂತ ಬರೆದರೆ ಮನೆತನವೇ ಕಾಣುವುದಿಲ್ಲ! ಎದುರು ಪಾಳೆಯದಲ್ಲೂ ಇದೇ ಕಥೆ. ಯುನೈಟೆಡ್ ನ್ಯಾಷನಲ್ ಪಾರ್ಟಿಯನ್ನು ಅಲ್ಲಿನವರು ‘ಅಂಕಲ್ ನೆಫ್ಯೂ ಪಾರ್ಟಿ’ ಅಂತ ಕಿಚಾಯಿಸುತ್ತಾರೆ. ಮಾವ-ಅಳಿಯರ ಪಕ್ಷ ಅಂದುಕೊಳ್ಳಿ. ಆ ಪಕ್ಷದಿಂದ ರಾಷ್ಟ್ರಾಧ್ಯಕ್ಷರಾಗಿದ್ದ ಜಯವರ್ಧನೆ ಅವರಿಗೆ, ಮುಂದೆ ಅದೇ ಪಕ್ಷದ ನಾಯಕರಾದ ರನಿಲ್ ವಿಕ್ರಮಸಿಂಘೆ ವರಸೆಯಲ್ಲಿ ಸೋದರಳಿಯ. ಒಬ್ಬರ ಹೆಸರಿನಿಂದ ಇನ್ನೊಬ್ಬರನ್ನು ಹುಡುಕಲು ಹೋದರೆ ಸಿಗುವುದಿಲ್ಲ.

ಇಂದಿರಾ ಗಾಂಧಿ ಅವರದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಆದರೂ ಮಹಾತ್ಮ ಗಾಂಧಿಗೆ ಅವರು ಏನಾಗಬೇಕು ಅಂತ ಕೇಳುವ ಪತ್ರ ನಮಗೆ ಈಗಲೂ ಬರುತ್ತದೆ. ಏನೂ ಆಗಬೇಕಿಲ್ಲ. ಅದು 1942ರಲ್ಲಿ ಮದುವೆಯಾದ ಫಿರೋಜ್ ಗಾಂಧಿ ಅವರಿಂದ ಬಂದ ಹೆಸರು. ಫಿರೋಜ್ ಪಾರ್ಸಿ. ಮಹಾತ್ಮರ ಕುಟುಂಬಕ್ಕೂ ಅವರಿಗೂ ಸಂಬಂಧವಿಲ್ಲ.

ಈ ಗೊಂದಲ ಒಂದೇ ಕ್ಷೇತ್ರದಲ್ಲಿ ಎರಡು ಸಲ ವೋಟಿಗೂ ಬಿತ್ತು. ಉತ್ತರ ಪ್ರದೇಶದ ಅಮೇಠಿ. 1984ರಲ್ಲಿ ರಾಜೀವ್ ಗಾಂಧಿ ಎದುರು ನಿಂತವರು ಮೇನಕಾ ಗಾಂಧಿ, ಅಂದರೆ ತೀರಿಹೋದ ತಮ್ಮನ ಹೆಂಡತಿ. ಒಂದೇ ಮನೆಯ ಜಗಳ. 1989ರಲ್ಲಿ ಅದೇ ರಾಜೀವ್ ಎದುರು ಜನತಾದಳದಿಂದ ನಿಂತವರು ರಾಜಮೋಹನ್ ಗಾಂಧಿ. ಇವರು ಮಹಾತ್ಮರ ಸ್ವಂತ ಮೊಮ್ಮಗ. ಎರಡು ಸಲವೂ ಸುದ್ದಿಯ ತಲೆಬರಹ ‘ಗಾಂಧಿ ಎದುರು ಗಾಂಧಿ’ ಅಂತಲೇ ಹಾಕಬಹುದಿತ್ತು. ಒಂದು ಸಲ ಅದಕ್ಕೆ ಅರ್ಥ ಭಾವ-ನಾದಿನಿ ಜಗಳದಂಥದ್ದು, ಇನ್ನೊಂದು ಸಲ ಪರಸ್ಪರ ಏನೂ ಅಲ್ಲದವರ ಪೈಪೋಟಿ. ಮಹಾತ್ಮರ ಮೊಮ್ಮಗನಿಗೆ ಅಜ್ಜನ ಹೆಸರು ಅಲ್ಲಿ ಕೈಹಿಡಿಯಲಿಲ್ಲ. ಎರಡು ಸಲವೂ ರಾಜೀವ್ ಗೆದ್ದರು.

ಅಮೆರಿಕದವರು ಇಂಥ ಲೆಕ್ಕ ಇಡುವುದರಲ್ಲಿ ಎತ್ತಿದ ಕೈ. ಅಲ್ಲಿ ಐದು ಅಡ್ಡಹೆಸರುಗಳಲ್ಲಿ ತಲಾ ಇಬ್ಬರು ಅಧ್ಯಕ್ಷರಾಗಿದ್ದಾರೆ. ಆ್ಯಡಮ್ಸ್ ಅಪ್ಪ-ಮಗ. ಬುಷ್ ಅಪ್ಪ-ಮಗ. ಹ್ಯಾರಿಸನ್ ಅಜ್ಜ-ಮೊಮ್ಮಗ. ರೂಸ್‌ವೆಲ್ಟ್‌ಗಳದು ದೂರದ ದಾಯಾದಿ ಸಂಬಂಧ, ಐದಾರು ತಲೆಮಾರು ಹಿಂದೆ ಹೋದರೆ ಮಾತ್ರ ಸೇರುತ್ತದೆ. ಇಷ್ಟು ನೋಡಿದವರು ಜಾನ್ಸನ್‌ಗಳೂ ಹಾಗೇ ಅಂದುಕೊಳ್ಳುವುದು ಸಹಜ. ಅದರಲ್ಲೂ ಇಬ್ಬರ ಜಾತಕ ನೋಡಿದರೆ! ಆ್ಯಂಡ್ರೂ ಜಾನ್ಸನ್ ಹುಟ್ಟಿದ್ದು 1808, ಲಿಂಡನ್ ಜಾನ್ಸನ್ 1908. ಇಬ್ಬರೂ ದಕ್ಷಿಣದ ರಾಜ್ಯಗಳವರು. ಇಬ್ಬರೂ ಉಪಾಧ್ಯಕ್ಷರಾಗಿದ್ದಾಗ ಅಧ್ಯಕ್ಷರು ಗುಂಡಿಗೆ ಬಲಿಯಾಗಿ ಆ ಕುರ್ಚಿಗೆ ಬಂದವರು, 1865ರಲ್ಲಿ ಲಿಂಕನ್, 1963ರಲ್ಲಿ ಕೆನಡಿ. ಇಷ್ಟೆಲ್ಲ ಹೊಂದಿಕೆಯಾದರೂ ನೆಂಟರಲ್ಲ.

ರೂಸ್‌ವೆಲ್ಟ್ ಮದುವೆಯ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1905ರ ಮಾರ್ಚ್ 17. ಮದುಮಗ ಫ್ರಾಂಕ್ಲಿನ್ ರೂಸ್‌ವೆಲ್ಟ್, ಮದುಮಗಳು ಎಲೀನರ್ ರೂಸ್‌ವೆಲ್ಟ್. ತವರಿನ ಹೆಸರೂ ಅದೇ, ಗಂಡನ ಮನೆಯ ಹೆಸರೂ ಅದೇ. ಆಕೆಯ ತಂದೆ ತೀರಿಕೊಂಡಿದ್ದರು. ಧಾರೆ ಎರೆದವರು ದೊಡ್ಡಪ್ಪ ಥಿಯೋಡರ್, ಆಗ ಅವರೇ ದೇಶದ ಅಧ್ಯಕ್ಷ. ಹೆಸರು ಮನೆಯಲ್ಲೇ ಉಳಿಯಿತಲ್ಲ, ಒಳ್ಳೆಯದೇ ಆಯಿತು ಅಂತ ಅವರು ಮದುಮಗನಿಗೆ ತಮಾಷೆ ಮಾಡಿದರಂತೆ. ಬಂದವರೆಲ್ಲ ಅಧ್ಯಕ್ಷರ ಸುತ್ತ ಮುತ್ತಿಕೊಂಡು, ಮದುಮಕ್ಕಳು ಸುಮ್ನೆ ಒಂದು ಕಡೆ ನಿಂತುಬಿಟ್ಟರು ಅಂತ ಹೇಳುತ್ತಾರೆ. ಫ್ರಾಂಕ್ಲಿನ್ ಅಧ್ಯಕ್ಷರಾದದ್ದು ಅದಾಗಿ 28 ವರ್ಷಕ್ಕೆ. ಅವರಿಗೆ ಥಿಯೋಡರ್ ಜೊತೆ ಹೆಚ್ಚು ಹತ್ತಿರದ ಸಂಬಂಧ ಕೊಟ್ಟದ್ದು ಅವರ ಸ್ವಂತ ಅಡ್ಡಹೆಸರಲ್ಲ, ಹೆಂಡತಿ.

ಮತ್ತೆ ಕಿಮ್‌ಗೆ ಬರೋಣ. ಒಂದೇ ಹೆಸರು ಅಷ್ಟು ಜನಕ್ಕೆ ಹೇಗೆ ಬಂತು? ಕೊರಿಯಾದಲ್ಲಿ ಬಹಳ ಕಾಲ ಅಡ್ಡಹೆಸರು ದೊಡ್ಡ ಮನೆತನಗಳ ಸ್ವತ್ತು. ಸಾಮಾನ್ಯರಿಗೆ ಅದು ಇರಲೇ ಇಲ್ಲ. ನಿಧಾನವಾಗಿ ಉಳಿದವರೂ ಇಟ್ಟುಕೊಳ್ಳತೊಡಗಿದರು. 20ನೇ ಶತಮಾನದ ಶುರುವಿನಲ್ಲಿ ಎಲ್ಲರ ಹೆಸರು ನೋಂದಣಿಯಾಗಬೇಕು ಅಂತ ಬಂದಾಗ, ಹೊಸದಾಗಿ ಹೆಸರು ಬೇಕಾದವರು ಗೌರವ ಇರುವ ಹೆಸರನ್ನೇ ಆರಿಸಿಕೊಂಡರು. ಯಾರು ತಾನೇ ಬೇಡ ಅಂತಾರೆ? ಕಿಮ್, ಲೀ, ಪಾರ್ಕ್ ಮೂರೇ ಸೇರಿದರೆ ಇವತ್ತು ಜನಸಂಖ್ಯೆಯ ಶೇ 40ಕ್ಕಿಂತ ಜಾಸ್ತಿ. ಅವರಲ್ಲೇ ಮೂಲಸ್ಥಳ ಹಿಡಿದು ಶಾಖೆಗಳಿವೆ. ಆದರೆ ಕಿಮ್‌ಹೇ ಕಿಮ್ ಅನ್ನುವ ಒಂದೇ ಶಾಖೆಯಲ್ಲಿ 40 ಲಕ್ಷಕ್ಕೂ ಹೆಚ್ಚು ಜನ. ಅಲ್ಲಿ ಯಾರು ಯಾರಿಗೆ ನೆಂಟರು ಅಂತ ಹುಡುಕುತ್ತೀರಿ? ಹಾಗಂತ ಅಲ್ಲಿ ನಿಜವಾದ ಮನೆತನಗಳೇ ಇಲ್ಲ ಅಂತಲ್ಲ. ಉತ್ತರ ಕೊರಿಯಾದ ಕಿಮ್‌ಗಳು ಅಜ್ಜ, ಮಗ, ಮೊಮ್ಮಗ. ದಕ್ಷಿಣದಲ್ಲಿ ಅಧ್ಯಕ್ಷೆಯಾಗಿದ್ದ ಪಾರ್ಕ್ ಗ್ಯುನ್-ಹೇ ಆ ಪಾರ್ಕ್ ಚುಂಗ್-ಹೀ ಅವರ ಮಗಳೇ.

ಲಿಪಿಯ ಕಾಟ ಬೇರೆ. ದಕ್ಷಿಣ ಕೊರಿಯಾದ ಮೊದಲ ಅಧ್ಯಕ್ಷರನ್ನು ನಾವು ‘ಸಿಂಗ್‌ಮನ್ ರೀ’ ಅಂತ ಬರೆಯುತ್ತೇವೆ. 2008ರಲ್ಲಿ ಬಂದವರು ‘ಲೀ ಮ್ಯುಂಗ್-ಬಾಕ್’, 2025ರಲ್ಲಿ ‘ಲೀ ಜೇ-ಮ್ಯುಂಗ್’. ಕೊರಿಯನ್ನರಿಗೆ ಈ ರೀ, ಲೀ ಎರಡೂ ಒಂದೇ ಹೆಸರು, ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಬೇರೆ ಬೇರೆ ಸ್ಪೆಲಿಂಗ್ ಆಗಿ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಎರಡು ಹೆಸರಾಗಿ ಕೂತಿದೆ. (ಮೂವರೂ ಬೇರೆ ಬೇರೆ ಕುಟುಂಬದವರು, ಇದನ್ನು ಈಗಲೇ ಹೇಳಿಬಿಡುತ್ತೇನೆ.)

ಈ ವಿಷಯದಲ್ಲಿ ವಿಯೆಟ್ನಾಮಿನವರೇ ಜಾಣರು ಅನ್ನಿಸುತ್ತದೆ. ಅಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ನ್ಗುಯೆನ್. ಅದನ್ನು ಹಿಡಿದು ಕರೆದರೆ ಅರ್ಧ ಸಭೆ ತಿರುಗಿ ನೋಡುತ್ತದೆ. ಅದಕ್ಕೇ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಕರೆಯುವುದು ಕೊನೆಯಲ್ಲಿರುವ ಸ್ವಂತ ಹೆಸರಿನಿಂದ. 1967ರಲ್ಲಿ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷರಾದವರು ನ್ಗುಯೆನ್ ವಾನ್ ಥಿಯು, ಉಪಾಧ್ಯಕ್ಷರು ನ್ಗುಯೆನ್ ಕಾವ್ ಕಿ. ಪತ್ರಿಕೆಗಳಿಗೆ ಅವರು ಥಿಯು ಮತ್ತು ಕಿ. ಯಾರಿಗೂ ತಲೆನೋವಿಲ್ಲ.

ಇನ್ನು ವೋಟಿನ ಮಾತು. ಹೆಸರಿಗೆ ಬೆಲೆ ಇಲ್ಲದಿದ್ದರೆ ಅದನ್ನು ಯಾರೂ ಹೊಸದಾಗಿ ಅಂಟಿಸಿಕೊಳ್ಳುತ್ತಿರಲಿಲ್ಲ. 2007ರ ಡಿಸೆಂಬರಿನಲ್ಲಿ ಬೆನಜೀರ್ ಭುಟ್ಟೋ ಹತ್ಯೆಯಾದ ಮೇಲೆ ಮಗ ಬಿಲಾವಲ್ ಜರ್ದಾರಿ ‘ಬಿಲಾವಲ್ ಭುಟ್ಟೋ ಜರ್ದಾರಿ’ ಆದರು. ಅಪ್ಪನ ಹೆಸರು ಇತ್ತು, ಅಜ್ಜನದು ಬೇಕಿತ್ತು. ಅದೇ ಹೆಸರು ಭಾರವಾಗುವುದೂ ಉಂಟು. ಅಪ್ಪ, ಅಣ್ಣ ಇಬ್ಬರೂ ಅಧ್ಯಕ್ಷರಾಗಿದ್ದ ಜೆಬ್ ಬುಷ್ 2015ರಲ್ಲಿ ಪ್ರಚಾರಕ್ಕೆ ಇಳಿದಾಗ ಅವರ ಚಿಹ್ನೆಯಲ್ಲಿ ಇದ್ದದ್ದು ಬರೀ ‘ಜೆಬ್!’. ಬುಷ್ ಮಾಯ. ಆದರೂ ಗೆಲ್ಲಲಿಲ್ಲ, ಅದು ಬೇರೆ ಮಾತು.

ಮನೆತನ ಬೇರೆಯಾಗಿ ಹೆಸರು ಮಾತ್ರ ಒಂದೇ ಆದಾಗ ವೋಟು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಕಥೆ ಅಮೆರಿಕದ ಪೆನ್ಸಿಲ್ವೇನಿಯಾದ್ದು. ಅಲ್ಲಿ ಬಾಬ್ ಕೇಸಿ ಅಂತ ಒಬ್ಬ ನಾಯಕರು, ಪೂರ್ತಿ ಹೆಸರು ರಾಬರ್ಟ್ ಪಿ. ಕೇಸಿ. ರಾಜ್ಯದ ಆಡಿಟರ್ ಜನರಲ್ ಆಗಿ ಒಳ್ಳೆಯ ಹೆಸರು ಮಾಡಿದ್ದರು. 1976ರಲ್ಲಿ ರಾಜ್ಯ ಖಜಾಂಚಿ ಹುದ್ದೆಗೆ ರಾಬರ್ಟ್ ಇ. ಕೇಸಿ ಅನ್ನುವವರು ನಿಂತರು. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಜಿಲ್ಲಾ ಮಟ್ಟದ ಅಧಿಕಾರಿ. ದೊಡ್ಡ ಪ್ರಚಾರವೂ ಇಲ್ಲ. ಗೆದ್ದುಬಿಟ್ಟರು! ಜನ ಇವರನ್ನು ಅವರು ಅಂದುಕೊಂಡಿದ್ದರು. 1978ರಲ್ಲಿ ಇನ್ನೂ ಮಜಾ. ನಿಜವಾದ ಕೇಸಿ ಗವರ್ನರ್ ಹುದ್ದೆಗೆ ಪಕ್ಷದ ಟಿಕೆಟ್ ಕೇಳಿ ಸೋತರು. ಅದೇ ದಿನ, ಅದೇ ಪಕ್ಷದಲ್ಲಿ, ಲೆಫ್ಟಿನೆಂಟ್ ಗವರ್ನರ್ ಟಿಕೆಟ್ ಮೂರನೆಯ ಬಾಬ್ ಕೇಸಿಗೆ ಸಿಕ್ಕಿತು. ಅವರು ಮೇಷ್ಟ್ರು, ಜೊತೆಗೆ ಐಸ್‌ಕ್ರೀಮ್ ಅಂಗಡಿ ಇಟ್ಟಿದ್ದವರು. ಮೂಲ ಕೇಸಿ ತಮ್ಮ ಹೆಸರು ವಾಪಸ್ ಪಡೆಯಲು 1986ರವರೆಗೆ ಕಾಯಬೇಕಾಯಿತು. ಆ ಸಲ ‘ನಿಜವಾದ ಬಾಬ್ ಕೇಸಿ’ ಅಂತಲೇ ಹೇಳಿಕೊಂಡು ನಿಂತು ಗವರ್ನರ್ ಆದರು. ಮುಂದೆ ಅವರ ಮಗ ಬಾಬ್ ಕೇಸಿ ಅದೇ ಖಜಾಂಚಿ ಹುದ್ದೆಗೆ ಬಂದರು. ಅಂದರೆ ಆ ಕುರ್ಚಿಗೆ ಸರಿಯಾದ ಮನೆಯ ಕೇಸಿ ಬಂದದ್ದು ಒಂದು ತಲೆಮಾರು ತಡವಾಗಿ.

ಭಾರತದಲ್ಲಿ ಇದು ಆಕಸ್ಮಿಕವಾಗಿಯೇ ಆಗಬೇಕು ಅಂತೇನಿಲ್ಲ. ಛತ್ತೀಸ್‌ಗಢದ ಮಹಾಸಮುಂದ್ ಕ್ಷೇತ್ರದಲ್ಲಿ 2014ರಲ್ಲಿ ಬಿಜೆಪಿಯ ಅಭ್ಯರ್ಥಿ ಚಂದೂಲಾಲ್ ಸಾಹು. ಅವರ ಜೊತೆ ಕಣದಲ್ಲಿ ಇನ್ನೂ ಹತ್ತು ಜನ ಚಂದೂ ಸಾಹುಗಳು, ಕೆಲವರು ಚಂದೂಲಾಲ್, ಕೆಲವರು ಚಂದೂರಾಮ್. ಕಾಂಗ್ರೆಸ್ಸಿನ ಅಜಿತ್ ಜೋಗಿ ಎದುರು ಬಿಜೆಪಿಯ ಸಾಹು ಗೆದ್ದರು, ಆದರೆ ಅಂತರ ಬರೀ 1,217 ವೋಟು. ಇಂಥದ್ದಕ್ಕೆ ನಿಯಮ ಇಲ್ಲ ಅಂತಲ್ಲ. ಒಂದೇ ಹೆಸರಿನವರು ಇಬ್ಬರಿದ್ದರೆ ಉದ್ಯೋಗವನ್ನೋ ವಾಸದ ಊರನ್ನೋ ಸೇರಿಸಿ ಗುರುತಿಸಬೇಕು ಅಂತ 1961ರ ಚುನಾವಣಾ ನಿಯಮಗಳಲ್ಲೇ ಇದೆ. 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಕೂಡ ಬಂದಿದೆ. ಇಷ್ಟು ಸಾಲದು, ತಡೆಯಲೇಬೇಕು ಅಂತ 2024ರಲ್ಲಿ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅಪ್ಪಅಮ್ಮ ಇಟ್ಟ ಹೆಸರಿಗಾಗಿ ಯಾರನ್ನಾದರೂ ಚುನಾವಣೆಗೆ ನಿಲ್ಲಬೇಡ ಅನ್ನಲಾಗುತ್ತದಾ ಅನ್ನುವ ಧಾಟಿಯಲ್ಲಿ ಕೋರ್ಟು ಅದನ್ನು ಕೈಬಿಟ್ಟಿತು. ಕೋರ್ಟಿನ ಮಾತು ನನಗೂ ಸರಿ ಅನ್ನಿಸುತ್ತದೆ. ಹೆಸರು ಇಟ್ಟುಕೊಂಡವನ ತಪ್ಪು ಅಲ್ಲಿ ಏನಿದೆ?

ನಮ್ಮ ಪಾಲಿನ ಕೆಲಸಕ್ಕೆ ಬರುತ್ತೇನೆ. ಮುಂದಿನ ಸಂಚಿಕೆಯಿಂದ ಕೊರಿಯಾ, ವಿಯೆಟ್ನಾಂ ಹೆಸರುಗಳನ್ನು ಮೊಟಕು ಮಾಡುವುದಿಲ್ಲ. ಒಂದೇ ಅಡ್ಡಹೆಸರಿನ ಇಬ್ಬರು ಒಂದೇ ಲೇಖನದಲ್ಲಿ ಬಂದರೆ ಏನಾಗಬೇಕು ಅಂತ ಅಲ್ಲೇ ಹೇಳುತ್ತೇವೆ. ಏನೂ ಆಗಬೇಕಿಲ್ಲ ಅಂದರೆ ಅದನ್ನೂ ಹೇಳುತ್ತೇವೆ. ಅದಕ್ಕೆ ಹಿಡಿಯುವ ಅರ್ಧ ಸಾಲಿನ ಜಾಗಕ್ಕೆ ನಾನು ಕತ್ತರಿ ಹಾಕದಂತೆ ನೋಡಿಕೊಳ್ಳಲು ಡೆಸ್ಕಿನ ಹುಡುಗಿಗೆ ಹೇಳಿದ್ದೇನೆ. ಅವಳು ಖುಷಿಯಿಂದಲೇ ಒಪ್ಪಿಕೊಂಡಿದ್ದಾಳೆ.

ನಿಮ್ಮ ಹೆಸರು ಹಾಕಿಲ್ಲ. ಊರನ್ನೂ ಹಾಕಿಲ್ಲ. ಹೋದ ಸಲ ನಿಮ್ಮ ಬದಲು ಬೈಸಿಕೊಂಡ ಆ ಇನ್ನೊಬ್ಬರಿಗೆ ನನ್ನ ಕಡೆಯಿಂದ ಒಂದು ‘ಸಾರಿ’ ಹೇಳಿಬಿಡಿ.