ಓದುಗರ ಪ್ರಶ್ನೆ: ಕ್ಯಾಪ್ಟನ್ ಪರ್ಶಿಂಗ್ ನೇರವಾಗಿ ಜನರಲ್ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕ ಸೇನೆಯ ಜಾನ್ ಪರ್ಶಿಂಗ್ 1906ರಲ್ಲಿ ಕ್ಯಾಪ್ಟನ್ ಹುದ್ದೆಯಿಂದ ಒಮ್ಮೆಲೇ ಬ್ರಿಗೇಡಿಯರ್ ಜನರಲ್ ಆದರಂತೆ. ನಡುವಿನ ಮೂರು ಹುದ್ದೆ ಏನಾದವು? ಮಾವ ಸೆನೆಟರ್ ಇದ್ದದ್ದಕ್ಕೇ ಸಿಕ್ಕಿತು ಎಂದು ಗೆಳೆಯರು ವಾದಿಸುತ್ತಾರೆ.
- ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಮಾವನ ವಿಷಯ ಆಮೇಲೆ, ಮೊದಲು ಕಾನೂನು ನೋಡಿ. ಆಗಿನ ಅಮೆರಿಕ ಸೇನೆಯಲ್ಲಿ ಕರ್ನಲ್‌ವರೆಗಿನ ಬಡ್ತಿ ಸೇವಾ ಹಿರಿತನದ ಮೇಲೆ ನಡೆಯುತ್ತಿತ್ತು. ಮೇಲಿನವರು ನಿವೃತ್ತರಾಗಬೇಕು ಇಲ್ಲವೇ ಸಾಯಬೇಕು, ಆಗಲೇ ಕೆಳಗಿನವರ ಪಾಳಿ. 1886ರಲ್ಲಿ ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್ ಮುಗಿಸಿದ ಪರ್ಶಿಂಗ್ ಕ್ಯಾಪ್ಟನ್ ಆಗಲು 1901 ಬರಬೇಕಾಯಿತು. 1898ರ ಸ್ಪೇನ್-ಅಮೆರಿಕ ಯುದ್ಧದ ವೇಳೆ ಅವರಿಗೆ ಸಿಕ್ಕ ಮೇಜರ್ ಹುದ್ದೆ ಸ್ವಯಂಸೇವಕ ಪಡೆಯದು. ಕಾಯಂ ಸೇನೆಯ ಲೆಕ್ಕದಲ್ಲಿ ಅವರಿನ್ನೂ ಲೆಫ್ಟಿನೆಂಟ್. ಪರೀಕ್ಷೆಗೆ ಓದುವವರು ಎಡವುವುದು ಇಲ್ಲೇ.

ಜನರಲ್ ದರ್ಜೆಗೆ ಮಾತ್ರ ಅಧ್ಯಕ್ಷರು ತಾವೇ ಆರಿಸಿ, ಸೆನೆಟ್ ಒಪ್ಪಿಗೆಯೊಂದಿಗೆ ನೇಮಿಸಬಹುದಿತ್ತು. ಅಂದರೆ ಥಿಯೊಡೋರ್ ರೂಸ್‌ವೆಲ್ಟ್ ಅವರಿಗೆ ಪರ್ಶಿಂಗ್ ಅವರನ್ನು ಮೇಜರ್ ಮಾಡುವ ಅಧಿಕಾರ ಇರಲಿಲ್ಲ, ಜನರಲ್ ಮಾಡುವ ಅಧಿಕಾರ ಇತ್ತು. ಫಿಲಿಪ್ಪೀನ್ಸ್‌ನ ಮೋರೊ (ಅಲ್ಲಿನ ದಕ್ಷಿಣ ಭಾಗದ ಮುಸ್ಲಿಮರು) ವಿರುದ್ಧದ ಕಾರ್ಯಾಚರಣೆಯಲ್ಲಿ ಪರ್ಶಿಂಗ್ ಮಾಡಿದಂಥ ಕೆಲಸಕ್ಕೆ ಒಮ್ಮೆಲೇ ಜನರಲ್ ಪದವಿಗೆ ಏರಿಸದೆಯೂ ಬಡ್ತಿ ಕೊಡಲು ದಾರಿ ಇರಬೇಕು ಎಂದು ರೂಸ್‌ವೆಲ್ಟ್ 1903ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್‌ಗೆ ಕಳಿಸಿದ ಸಂದೇಶದಲ್ಲಿ ಹೆಸರು ಹೇಳಿಯೇ ಬರೆದರು. ಆ ದಾರಿ ತೆರೆಯಲಿಲ್ಲ. 1906ರ ಸೆಪ್ಟೆಂಬರ್‌ನಲ್ಲಿ ಅವರು ನೇರವಾಗಿ ಜನರಲ್ ಹುದ್ದೆಯನ್ನೇ ಕೊಟ್ಟರು. ಹಿಂದೆ ಬಿದ್ದ ಹಿರಿಯರು 862 ಮಂದಿ: 257 ಕ್ಯಾಪ್ಟನ್‌ಗಳು, 364 ಮೇಜರ್‌ಗಳು, 131 ಲೆಫ್ಟಿನೆಂಟ್ ಕರ್ನಲ್‌ಗಳು, 110 ಕರ್ನಲ್‌ಗಳು.

ಇನ್ನು ಮಾವ. ಸೆನೆಟರ್ ಫ್ರಾನ್ಸಿಸ್ ವಾರನ್ ಆಗ ಸೆನೆಟ್‌ನ ಸೇನಾ ವ್ಯವಹಾರಗಳ ಸಮಿತಿಯ ಅಧ್ಯಕ್ಷರು. ಒಪ್ಪಿಗೆ ಸಿಗಲು ಅದು ನೆರವಾಗಲಿಲ್ಲ ಎಂದರೆ ಯಾರೂ ನಂಬಲಾರರು. ಆದರೆ ಮದುವೆ ನಡೆದದ್ದು 1905ರ ಜನವರಿಯಲ್ಲಿ, ರೂಸ್‌ವೆಲ್ಟ್ ಹೆಸರೆತ್ತಿದ ಒಂದು ವರ್ಷದ ನಂತರ. ನಿಮ್ಮ ಗೆಳೆಯರ ಮುಂದೆ ಈ ಎರಡು ತಾರೀಖು ಇಡಿ.

ಪ್ರಶ್ನೆ: ಪರ್ಶಿಂಗ್ ‘ಆರು ನಕ್ಷತ್ರದ ಜನರಲ್’ ಎನ್ನುವುದು ಸರಿಯೇ?
- ಓದುಗರು, ಹಾವೇರಿ

ಉತ್ತರ: ಸರಿಯಲ್ಲ. 1919ರಲ್ಲಿ ಅವರಿಗೆ ‘ಜನರಲ್ ಆಫ್ ದಿ ಆರ್ಮೀಸ್’ ಪದವಿ ಬಂತು. ಬದುಕಿದ್ದಾಗಲೇ ಅದನ್ನು ಪಡೆದವರು ಅವರೊಬ್ಬರೇ. ಅವರು ಧರಿಸಿದ್ದು ನಾಲ್ಕು ನಕ್ಷತ್ರ, ಬೆಳ್ಳಿಯ ಬದಲು ಚಿನ್ನದ ಬಣ್ಣದವು. ಐದು ನಕ್ಷತ್ರದ ದರ್ಜೆ ಹುಟ್ಟಿದ್ದೇ 1944ರಲ್ಲಿ.

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ ಫ್ರಾನ್ಸ್‌ನಲ್ಲಿ ಜರ್ಮನರ ಮೇಲೆ ನಡೆದ ಮ್ಯೂಸ್-ಆರ್ಗಾನ್ ದಾಳಿಯಲ್ಲಿ ಅಷ್ಟೊಂದು ಸೈನ್ಯವಿದ್ದೂ ಪರ್ಶಿಂಗ್ ಪಡೆ ನಾಲ್ಕೇ ದಿನದಲ್ಲಿ ನಿಂತದ್ದೇಕೆ?
- ಓದುಗರು, ರೋಣ, ಗದಗ ಜಿಲ್ಲೆ

ಉತ್ತರ: ಮಳೆಗಾಲದಲ್ಲಿ ನಿಮ್ಮ ಎರೆಹೊಲದ ದಾರಿಯಲ್ಲಿ ಚಕ್ಕಡಿ ಹೂತರೆ ಹಿಂದಿನವೆಲ್ಲ ನಿಲ್ಲುತ್ತವಲ್ಲ, ಅದೇ ಕಥೆ. ಸೆಪ್ಟೆಂಬರ್ 12ಕ್ಕೆ ಸೇಂಟ್ ಮಿಯೆಲ್ ದಾಳಿ, 26ಕ್ಕೆ ಆರ್ಗಾನ್ ದಾಳಿ. ಈ ಎರಡು ವಾರದಲ್ಲಿ ಸುಮಾರು 6 ಲಕ್ಷ ಅಮೆರಿಕನ್ನರು ಹೊಸ ರಣರಂಗಕ್ಕೆ ಬರಬೇಕಿತ್ತು, ಅದೂ ಮೂರೇ ರಸ್ತೆಗಳಲ್ಲಿ, ಶತ್ರುವಿಗೆ ಕಾಣದಂತೆ ರಾತ್ರಿ ಹೊತ್ತು. ಸೇನೆಯ ಯೋಜನಾ ಅಧಿಕಾರಿ ಜಾರ್ಜ್ ಮಾರ್ಷಲ್ ಹಾಕಿಕೊಟ್ಟ ಯೋಜನೆಯಿಂದ ಅಷ್ಟು ಮಂದಿ ಬಂದು ಮುಟ್ಟಿದರು. ತೊಂದರೆ ಶುರುವಾದದ್ದು ಮುಂದೆ ನುಗ್ಗಿದ ಮೇಲೆ. ನಾಲ್ಕು ವರ್ಷ ಶೆಲ್ ಬಿದ್ದು ಹೊಂಡವೇ ಆಗಿದ್ದ ನೆಲ, ಮೇಲೆ ಮಳೆ. ತೋಪು, ಊಟದ ಗಾಡಿ, ಗಾಯಾಳುಗಳ ಆಂಬುಲೆನ್ಸ್ ಒಂದರ ಹಿಂದೊಂದು ಸಿಕ್ಕಿಬಿದ್ದವು. ಮೊದಲ ದಿನವೇ ಹಿಡಿಯಬೇಕಿದ್ದ ಮಾಂಫೋಕಾನ್ ಗುಡ್ಡ ಮರುದಿನ ಸಿಕ್ಕಿತು. ಅಷ್ಟರಲ್ಲಿ ಜರ್ಮನರು ಮೀಸಲು ಪಡೆ ತಂದಿದ್ದರು. ಒಂದೊಂದು ಅಮೆರಿಕನ್ ಡಿವಿಷನ್‌ನಲ್ಲಿ ಸುಮಾರು 28,000 ಮಂದಿ, ಯುರೋಪಿನ ಡಿವಿಷನ್‌ಗಳ ದುಪ್ಪಟ್ಟು. ಹೊಡೆತ ತಾಳಲೆಂದು ಮಾಡಿದ ಆ ಗಾತ್ರವೇ ರಸ್ತೆಗೆ ಹೊರೆಯಾಯಿತು.

ಅಕ್ಟೋಬರ್ ಮಧ್ಯದಲ್ಲಿ ಪರ್ಶಿಂಗ್ ಈ ದಾಳಿ ನಡೆಸುತ್ತಿದ್ದ ಅಮೆರಿಕದ ಒಂದನೇ ಸೇನೆಯನ್ನು ಜನರಲ್ ಹಂಟರ್ ಲಿಗೆಟ್ ಅವರಿಗೆ ವಹಿಸಿದರು. ನನ್ನ ಎಣಿಕೆಯಲ್ಲಿ ಅವರು ಆ ತಿಂಗಳು ಮಾಡಿದ ಅತ್ಯುತ್ತಮ ನಿರ್ಧಾರ ಅದು. ಲಿಗೆಟ್ ದೊಡ್ಡ ದಾಳಿ ತಡೆಹಿಡಿದು, ದಂಡಿನಿಂದ ಚದುರಿದವರನ್ನು ಕೂಡಿಸಿ, ರಸ್ತೆ ಸರಿಪಡಿಸಿ, ತೋಪುಗಳನ್ನು ಮುಂದೆ ತಂದರು. ನವೆಂಬರ್ 1ರಂದು ಮತ್ತೆ ನುಗ್ಗಿದಾಗ ಜರ್ಮನ್ ಸಾಲು ಒಡೆಯಿತು. 47 ದಿನದ ಈ ಕಾಳಗದಲ್ಲಿ ಸತ್ತ ಅಮೆರಿಕನ್ನರು 26,000ಕ್ಕೂ ಹೆಚ್ಚು.