6ನೇ ಶತಮಾನದ ಅಲೆಮಾನ್ನಿ (ದಕ್ಷಿಣ ಜರ್ಮನಿ ಕಡೆ ಇದ್ದ ಹಳೇ ಜರ್ಮಾನಿಕ್ ಜನ) ಹೆಂಗಸಿನ ವೇಷದ ಡ್ರೆಸ್‌ಗೆ ಆನ್‌ಲೈನಲ್ಲಿ ಸಿಗೋ ವೈಕಿಂಗ್ ಬ್ರೋಚ್ ಹಾಕಿದ್ರೆ ನಡೆಯುತ್ತಾ?

ನಡೆಯಲ್ಲ. ನೀವು ಹೇಳ್ತಿರೋ ಮೊಟ್ಟೆ ಆಕಾರದ ಜೋಡಿ ಬ್ರೋಚು 9-10ನೇ ಶತಮಾನದ ಸ್ಕ್ಯಾಂಡಿನೇವಿಯಾದ್ದು, ಹೆಗಲ ಪಟ್ಟಿಗೆ ಹಾಕ್ತಿದ್ರು, ನಿಮ್ಮ ಡ್ರೆಸ್ಸು ಅದಕ್ಕಿಂತ ಮುನ್ನೂರು ವರ್ಷ ಹಳೇದು, ಅದೂ ದಕ್ಷಿಣ ಜರ್ಮನಿ ಕಡೆದು. ಅಲ್ಲಿ 6ನೇ ಶತಮಾನದ ಮೊದಲರ್ಧದ ಅನುಕೂಲಸ್ಥ ಹೆಂಗಸರ ಸಮಾಧಿಗಳಲ್ಲಿ ನಾಲ್ಕು ಬ್ರೋಚು ಸಿಗುತ್ತೆ: ಕತ್ತು-ಎದೆ ಹತ್ರ ಎರಡು ಚಿಕ್ಕವು, ದುಂಡಗೆ ಅಥವಾ ಹಕ್ಕಿ ಥರ, ಆಮೇಲೆ ಸೊಂಟದಿಂದ ಕೆಳಗೆ ಒಂದರ ಕೆಳಗೊಂದು ಎರಡು ದೊಡ್ಡ ಕಮಾನು ಬ್ರೋಚು (ನಡುವೆ ಕಮಾನಿನ ಥರ ಬಾಗಿರೋದು). ಆ ಕೆಳಗಿನೆರಡು ಬಟ್ಟೆ ಹಿಡಿಯೋಕಾ, ಬೆಲ್ಟಿಂದ ಇಳಿಬಿಟ್ಟ ಪಟ್ಟಿಗೆ ಬರೀ ಶೋಕಿಗಾ ಅಂತ ಆರ್ಕಿಯಾಲಜಿಯವ್ರು ಇನ್ನೂ ಜಗಳ ಆಡ್ತಾರೆ, ನಿಮಗೆ ಹೇಗೆ ಬೇಕೋ ಹಾಗೆ ಹಾಕ್ಕೊಳಿ.

ಕೊಳ್ಳುವಾಗ ಮುಂದಿನ ಫೋಟೋ ನೋಡಿ ಮರುಳಾಗಬೇಡಿ, ಹಿಂಭಾಗದ ಫೋಟೋ ಕೇಳಿ. ಕೆಲಸ ಮಾಡೋದು ನಮ್ಮ ಸೀರೆ ಪಿನ್ನಿನ ಥರಾನೇ, ಸ್ಪ್ರಿಂಗು, ಸೂಜಿ, ಕೊಕ್ಕೆ, ಆದ್ರೆ ಅಗ್ಗದ ರೆಪ್ಲಿಕಾಗಳಲ್ಲಿ ಮುಂದೆ ಭಾರದ ಎರಕ, ಹಿಂದೆ ತೆಳ್ಳಗಿನ ಫ್ಯಾನ್ಸಿ ಸ್ಟೋರ್ ಪಿನ್ನು ಅಂಟಿಸಿರ್ತಾರೆ, ದಪ್ಪ ಉಣ್ಣೆ ಎರಡು ಮಡಿಕೆ ಹಿಡಿಯೋಕಾಗದೆ ಬಾಗಿಹೋಗುತ್ತೆ. ಸೂಜಿಗೂ ಬ್ರೋಚಿನ ತಟ್ಟೆಗೂ ಮಧ್ಯೆ ಜಾಗ ಇದೆಯಾ ನೋಡಿ. ಅಸಲಿಯಲ್ಲಿ ಸೂಜಿ ಎಷ್ಟೋ ಸಲ ಕಬ್ಬಿಣದ್ದೇ. ಆ ತುಕ್ಕಲ್ಲಿ ಅಂಟಿಕೊಂಡು ಉಳಿದ ನೂಲಿನ ಗುರುತಿಂದಾನೇ ಆಗಿನ ನೇಯ್ಗೆ ಎಂಥದ್ದು ಅಂತ ಎಷ್ಟೋ ಗೊತ್ತಾಗಿರೋದು.

ಇನ್ನು ಈ ಬ್ರೋಚುಗಳಲ್ಲಿ ಕೂರಿಸೋ ಕೆಂಪು ಕಲ್ಲಿಂದು. ಅಸಲಿಯಲ್ಲಿ ತೆಳ್ಳಗೆ ಸೀಳಿದ ಗಾರ್ನೆಟ್ಟು, ಅದರ ಕೆಳಗೆ ಸಣ್ಣ ಚೌಕಳಿ ಒತ್ತಿದ ಚಿನ್ನದ ಹಾಳೆ, ಬೆಳಕು ಒಳಗೆ ಹೋಗಿ ವಾಪಸ್ ಬರೋದು ಅದ್ರಿಂದಾನೇ. (ಆ ಕಾಲದ ಗಾರ್ನೆಟ್ಟಲ್ಲಿ ಬೇಕಾದಷ್ಟು ಹೋಗಿದ್ದು ಭಾರತ, ಶ್ರೀಲಂಕಾದಿಂದ, ಲ್ಯಾಬಲ್ಲಿ ಕಲ್ಲು ಪರೀಕ್ಷೆ ಮಾಡಿ ಹೇಳಿದಾರೆ. ಸ್ಟುಟ್‌ಗಾರ್ಟ್ ಹಳೇ ಅರಮನೆ ಮ್ಯೂಸಿಯಂ ಕಡೆ ಹೋದ್ರೆ ಅಲೆಮಾನ್ನಿ ಒಡವೆ ನೋಡುವಾಗ ಇದು ನೆನಪಿರಲಿ.) ರೆಪ್ಲಿಕಾದಲ್ಲಿ ಕೆಂಪು ಎನಾಮೆಲ್ ತುಂಬಿದ್ರೆ ನೇಲ್ ಪಾಲಿಶ್ ಹಚ್ಚಿದಂಗೆ ಸತ್ತ ಬಣ್ಣ, ಗಾಜು ಕೂರಿಸಿ ಕೆಳಗೆ ಹಾಳೆ ಇಟ್ಟಿರೋದು ಸಿಕ್ಕಿದ್ರೆ ಸ್ವಲ್ಪ ಜಾಸ್ತಿ ಆದ್ರೂ ಅದನ್ನೇ ತಗೊಳಿ. ಲೋಹ ಕಂಚಿದ್ರೆ ಒಳ್ಳೇದು, ನಿಕಲ್ ಇರೋದು ಬೇಡ, ಕತ್ತಿನ ಹತ್ರ ಕೆಲವರಿಗೆ ತುರಿಕೆ ಬರುತ್ತೆ.

ನಾಲ್ಕಕ್ಕೆ ಬಜೆಟ್ ಸಾಲದಿದ್ರೆ ವೈಕಿಂಗ್ ಕಡೆ ಹೋಗೋ ಬದಲು ನಿಮ್ಮ ಡ್ರೆಸ್ಸನ್ನ 7ನೇ ಶತಮಾನಕ್ಕೆ ತಂದ್ಬಿಡಿ, ಆಗ ಎದೆ ಮೇಲೆ ಒಂದೇ ದೊಡ್ಡ ದುಂಡು ಬ್ರೋಚ್ ಹಾಕೋ ರೂಢಿ ಬಂದಿತ್ತು.